ಎದುರುಬದುರಿನ ಮಳೆಗಾಲ

ಮೊನ್ನೆ ಕುಮಟಾ ಪೇಟೆಯಲ್ಲಿ ಮೊಬೈಲಿನ ಒಡೆದ ಗಾಜು ಬದಲಿಸಿಕೊಳ್ಳಲು ಒಂದು ಅಂಗಡಿಗೆ ಹೋಗಿದ್ದೆ. ಹೊರಗೆ ಜೋರು ಮಳೆ. ಒಳಗೆ ಕಾಲಿಟ್ಟದ್ದೇ ತಡ, ಒದ್ದೆ ಕೊಡೆ, ಬಿಸಿಯಾದ ಪ್ಲಾಸ್ಟಿಕ್ಕು, ಗಣಪತಿ ಫೋಟೋದ ಮುಂದಿನ ಅಗರಬತ್ತಿ ಮೂರೂ ಕೂಡಿದ ಒಂದು ವಾಸನೆ ಮೂಗಿಗೆ ಬಡಿಯಿತು. ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಯಾರ ಮೇಲೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಗೋಡೆಗೆ ಅಡ್ಡ ಹಾಕಿದ ಪ್ಲೈವುಡ್ಡಿನ ಹಳೇ ಗುರುತು ಕಂಡ ಮೇಲೆ ಹೊಳೆಯಿತು: ಇದು ಸತೀಶನ ಸೈಬರ್ ಸೆಂಟರ್ ಇದ್ದ ಜಾಗ. ಇಲ್ಲೇ, ಈ ಮೂಲೆಯ ಗೂಡಿನಲ್ಲಿ ಕೂತು ನನ್ನ ಗಂಡ ಒಂದಿಡೀ ಮಳೆಗಾಲ ಇನ್ನೊಬ್ಬ ಹೆಂಗಸಿನ ಜೊತೆ ಮಾತಾಡಿದ್ದರು.

ಮಾತಾಡಿದ್ದರು ಎಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಪ್ರೀತಿ ಪ್ರೇಮ ಅಂತ ಆಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲವೋ ಏನೋ. ನಾಲ್ಕು ಬೈದು, ತವರಿಗೆ ಹೋಗಿ ಎರಡು ದಿನ ಇದ್ದು ಬಂದರೆ ಮುಗಿಯುತ್ತಿತ್ತು. ಅವರು ಮಾಡಿದ್ದು ವಾದ. ಶುದ್ಧ ವಾದ. ಅದನ್ನು ಹೇಗೆ ಸಹಿಸಿಕೊಳ್ಳುವುದು?

ನಮ್ಮವರು ಮದುವೆಗೆ ಮೊದಲು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಎದುರುಬದುರು ಕೂತು, ಆ ಪದ್ಯಕ್ಕೆ ಅಲ್ಲೇ ಮಾತು ಕಟ್ಟಿ ಒಬ್ಬರನ್ನೊಬ್ಬರು ಕಟ್ಟಿಹಾಕುತ್ತಾರೆ. ಹಳದೀಪುರದಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಹತ್ತಿರ ಒಂದು ಸಲ ಇವರ ಅರ್ಥ ಕೇಳಿದ್ದೆ. ಸಂಧಾನಕ್ಕೆ ಬಂದ ದೂತನ ಪಾತ್ರ. ಎದುರಿನ ರಾಜ ಹೇಳಿದ ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಅದರ ಹುಳುಕು ತೋರಿಸಿ ಅವನ ಮಡಿಲಿಗೇ ಹಾಕುತ್ತಿದ್ದರು. ನಾವು ಹೆಂಗಸರು ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು. ಇವರ ಸಂಬಂಧ ಬಂದಾಗ ನಾನು ನೌಕರಿ ಕೇಳಲಿಲ್ಲ, ಮನೆ ಕೇಳಲಿಲ್ಲ. ಆ ಮಾತಿಗೇ ಮರುಳಾಗಿ ಒಪ್ಪಿಬಿಟ್ಟೆ.

ಮದುವೆಯಾದ ಮೇಲೆ ನೋಡಿದರೆ ಬಾಯಿಗೆ ಬೀಗ! ತಾಳಮದ್ದಳೆಯ ಕೂಟ ಒಡೆದುಹೋಗಿತ್ತು, ಭಾಗವತರು ತೀರಿಕೊಂಡರು, ಉಳಿದವರು ಚದುರಿದರು. ಇವರು ವಿಮೆ ಆಫೀಸಿಗೆ ಹೋಗುವುದು, ಬರುವುದು, ಪೇಪರ್ ಓದುವುದು. ನಾನು ಏನು ಹೇಳಿದರೂ 'ಹ್ಞೂಂ'. ಬೇಕೆಂದೇ ತಲೆಕೆಳಗು ಹೇಳಿದರೂ 'ಹ್ಞೂಂ'. ಒಂದು ಸಲ, ಮನೆ ಮಾರಿ ಗೋವಾಕ್ಕೆ ಹೋಗಿ ಹೋಟೆಲ್ ಹಾಕೋಣ ಎಂದೆ. ಅದಕ್ಕೂ 'ಹ್ಞೂಂ, ನೋಡ್ವಾ'. ನಮ್ಮ ಅತ್ತಿಗೆಯಂದಿರು "ನಿನ್ನ ಗಂಡ ದೇವ್ರಂಥವ, ಒಂದು ಎದುರುಮಾತು ಇಲ್ಲ" ಎಂದು ಹೊಗಳುತ್ತಿದ್ದರು. ನನಗೆ ಬೇಕಾದದ್ದು ಅದೊಂದೇ, ಎದುರುಮಾತು. ಆ ಮನುಷ್ಯ ನನ್ನ ಎದುರು ಕೂತು, ನಾನು ಹೇಳಿದ್ದನ್ನು ಕೈಯಲ್ಲಿ ಹಿಡಿದು ನೋಡಿ, ಒಂದು ಸಲವಾದರೂ 'ಇದು ತಪ್ಪು' ಎನ್ನಬೇಕು. ಇಲ್ಲದಿದ್ದರೆ ಗೋಡೆಯನ್ನೇ ಮದುವೆಯಾಗಬಹುದಿತ್ತಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಏಳರ ಸುಮಾರಿನ ಮಾತು. ನಾವು ಹೊಳನಗದ್ದೆಯಲ್ಲಿದ್ದೆವು. ಮಗಳು ಧಾರವಾಡದ ಶಾಲೆಯೊಂದರ ಹಾಸ್ಟೆಲಿನಲ್ಲಿ. ನಾನು ಹೊನ್ನಾವರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ, ದಿನಾ ಬಸ್ಸು. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬಸ್ಸಿನ ಮಾಡು ಸೋರುತ್ತಿತ್ತು, ಕಿಟಕಿಯ ಶಟರ್ ಇಳಿಸಿದರೆ ಉಸಿರುಗಟ್ಟುತ್ತಿತ್ತು, ಏರಿಸಿದರೆ ಸೀರೆ ಒದ್ದೆ. ಹೆಂಗಸರಿಗೆ ಎಂದು ಬರೆದ ಮುಂದಿನ ಸೀಟುಗಳಲ್ಲಿ ಗಂಡಸರು ಕಣ್ಣು ಮುಚ್ಚಿ ನಿದ್ದೆ ಹೋದಂತೆ ಕೂತಿರುತ್ತಿದ್ದರು. ಹೊನ್ನಾವರ ಬಿಟ್ಟ ಕೂಡಲೇ ಬರುವ ನಿದ್ದೆ ಅದು, ಕುಮಟಾ ಸ್ಟ್ಯಾಂಡಿಗೆ ಸರಿಯಾಗಿ ಬಿಡುತ್ತಿತ್ತು. ನಾನು ಸಂಜೆ ಮನೆಗೆ ಬಂದವಳು ಅನ್ನಕ್ಕೆ ಇಡುತ್ತ, ಸಾರಿಗೆ ಹುಳಿ ಹಿಂಡುತ್ತ, ಅಂದಿನ ಬಸ್ಸಿನ ಸಿಟ್ಟನ್ನೆಲ್ಲ ಅಡುಗೆಮನೆಯಲ್ಲಿ ಕಾರುತ್ತಿದ್ದೆ. ಇವರು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಚಾ ಕುಡಿಯುತ್ತ ಕೇಳುತ್ತಿದ್ದರು. ಹ್ಞೂಂ. ಹ್ಞೂಂ.

ಆಮೇಲೆ ಒಂದು ಬದಲಾವಣೆ ಕಂಡಿತು. ನನ್ನ ಮಾತು ಮುಗಿದ ಮೇಲೆ ಇವರು ಕೊಡೆ ಹಿಡಿದು ಹೊರಡತೊಡಗಿದರು. "ಎಲ್ಲಿಗೆ?" ಎಂದರೆ "ಪೇಟೆಗೆ". "ಎಂತಕ್ಕೆ?" ಎಂದರೆ "ಹೀಗೇ". ಬರುವಾಗ ಮುಖದಲ್ಲಿ ಒಂದು ಕಳೆ. ಒಬ್ಬರೇ ನಗುವುದು. ಸ್ನಾನಕ್ಕೆ ಹೋದಲ್ಲಿ ತಮ್ಮಷ್ಟಕ್ಕೆ ತಾವೇ ಗುನುಗುವುದು. ಹೆಂಗಸಾದವಳಿಗೆ ಇಷ್ಟು ಸಾಕು. ಒಂದು ಸಂಜೆ ನಾನೂ ಹಿಂದಿನಿಂದ ಹೋದೆ.

ಸತೀಶನ ಸೈಬರ್ ಸೆಂಟರಿನ ಗಾಜಿನ ಬಾಗಿಲಿನಿಂದ ನೋಡಿದೆ. ಮೂಲೆಯ ಗೂಡಿನಲ್ಲಿ ಇವರು ಕಂಪ್ಯೂಟರಿನ ಮುಂದೆ ಕೂತಿದ್ದರು. ಎರಡು ಬೆರಳಿನಲ್ಲಿ ಟಪ್ ಟಪ್ ಎಂದು ಒತ್ತುತ್ತಿದ್ದರು. ಒತ್ತಿ, ಓದಿ, ತಲೆ ಹಿಂದಕ್ಕೆ ಹಾಕಿ ಒಂದು ನಗು ನಕ್ಕರು. ಅಯ್ಯೋ ದೇವರೇ, ಆ ನಗು ನನಗೆ ಗೊತ್ತಿತ್ತು! ಹಳದೀಪುರದಲ್ಲಿ ಎದುರಿನ ಅರ್ಥಧಾರಿ ಒಂದು ಒಳ್ಳೆಯ ಮಾತು ಹಾಕಿದಾಗ, ಉತ್ತರ ಕೊಡುವ ಮೊದಲು ನಕ್ಕ ನಗು ಅದು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಒಂದು ಸಲವೂ ಸಿಗದ ನಗು.

ನಾನು ಒಳಗೆ ಹೋಗಲಿಲ್ಲ. ಸತೀಶನೇ ಹೊರಗೆ ಬಂದ. ಒಳ್ಳೆಯ ಹುಡುಗ, ಬಾಯಿ ಮಾತ್ರ ಸ್ವಲ್ಪ ಸಡಿಲ. "ಅಕ್ಕಾ, ನಿಮ್ಮೋರು ಭಾರೀ ಬರೀತ್ರು ಮಾರಾಯ್ರೆ. ಭಟ್ಕಳದ ರಾಬಿಯಾ ಅಂತ ಒಬ್ರು ಇದ್ರು. ಇವ್ರು ಒಂದು ಹೇಳುದು, ಅವ್ರು ಒಂದು ಹೇಳುದು. ನೋಡೂಕೆ ಒಳ್ಳೇ ಮಜಾ ಇರ್ತದೆ" ಎಂದ.

"ಎಂತ ಹೇಳುದು?"

"ಅದೇ, ಬಸ್ಸಿನ ಸೀಟಿನ ವಿಷಯ."

ಬಸ್ಸಿನ ಸೀಟಿಗೂ ಇವರಿಗೂ ಏನು ಸಂಬಂಧ? ಇವರು ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವವರು. ನನ್ನ ತಲೆಯಲ್ಲಿ ಉಳಿದದ್ದು ಒಂದೇ ಹೆಸರು, ರಾಬಿಯಾ. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಅದನ್ನೂ 'ಹ್ಞೂಂ' ಎಂದು ಉಂಡರು.

ಆ ಜಾಗದ ಹೆಸರು ಎದುರುಬದುರು ಎಂದೂ, ಅದು ಹೇಗಿದೆ ಎಂದೂ ನಿಧಾನಕ್ಕೆ ಸತೀಶನಿಂದ ಬಿಡಿಸಿಕೊಂಡೆ. ಕನ್ನಡದ ನಾಲ್ಕು ಜನ ಎಲ್ಲೆಲ್ಲೋ ಕೂತು ಇಂಟರ್ನೆಟ್ಟಿನಲ್ಲಿ ನಡೆಸುತ್ತಿದ್ದ ಚರ್ಚೆಯ ಅಂಗಳ. ಮೇಲೆ ಒಂದು ಪ್ರಶ್ನೆ: ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸೀಟು ಕಾಯ್ದಿಡಬೇಕೇ? ಅದರ ಕೆಳಗೆ ಎಡಕ್ಕೆ 'ಬೇಕು', ಬಲಕ್ಕೆ 'ಬೇಡ' ಎಂಬ ಎರಡು ಸಾಲು. ಯಾರು ಬೇಕಾದರೂ ಬರೆಯಬಹುದು, ಆದರೆ ಒಂದು ಚೌಕಕ್ಕೆ ಒಂದೇ ಕಾರಣ. ಬೈಗುಳ ಇಲ್ಲ, 'ನೀ ಯಾರು ಕೇಳೂಕೆ' ಇಲ್ಲ. ಒಬ್ಬರ ಕಾರಣದ ಕೆಳಗೆ ಅದಕ್ಕೆ ಉತ್ತರ, ಆ ಉತ್ತರದ ಕೆಳಗೆ ಮತ್ತೊಂದು. ಓದಿದವರು ಪ್ರತಿಯೊಂದಕ್ಕೂ ತೂಕ ಹಾಕಬೇಕು. ತೂಕ ಹೆಚ್ಚಿದ್ದು ಮೇಲೆ ಏರುತ್ತದೆ. ಎಲ್ಲರೂ ಸೇರಿ ಒಂದು ವಾದವನ್ನು ಕಟ್ಟುವುದು, ಗೆದ್ದವರು ಸೋತವರು ಎಂದು ಕೂಗುವುದಲ್ಲ, ಎಂದು ಸತೀಶ ವಿವರಿಸಿದ. ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ಹೇಳಿದರೆ ಮೇಲ್ವಿಚಾರಕರು ಎರಡನ್ನೂ ಕೂಡಿಸಿ ಮೊದಲು ಹೇಳಿದವರ ಹೆಸರಿನಲ್ಲೇ ಇಡುತ್ತಾರಂತೆ. ಆಗ ಈ ನಿಯಮದ ಕಡೆ ನಾನು ಗಮನ ಕೊಡಲಿಲ್ಲ. ನನ್ನ ಗಮನವೆಲ್ಲ ಭಟ್ಕಳದ ಕಡೆ.

"ಅವ್ರು ಎಂತ ಕೆಲ್ಸ ಮಾಡ್ತ್ರು?"

"ಲೇಡೀಸ್ ಟೇಲರ್ ಅಂತೆ. ನಮ್ಮ ಅಂಗಡಿಗೆ ಬರೋ ಹೆಂಗಸ್ರು ಹೀಗೆ ಹೇಳ್ತಾರೆ ಅಂತ ಬರ್ದಿದ್ರು. ಹಳೇ ಬಸ್‌ಸ್ಟ್ಯಾಂಡ್ ಹತ್ರ."

ಒಂದು ಆದಿತ್ಯವಾರ ಭಟ್ಕಳದ ಮಲ್ಲಿಗೆ ತರುತ್ತೇನೆ ಎಂದು ಮನೆಯಲ್ಲಿ ಹೇಳಿ, ಚೀಲದಲ್ಲಿ ಒಂದು ಬ್ಲೌಸ್ ಪೀಸು ಹಾಕಿಕೊಂಡು ಬಸ್ಸು ಹತ್ತಿದೆ. ಮಲ್ಲಿಗೆಗೆ ಅಷ್ಟು ದೂರ ಯಾಕೆ, ಇಲ್ಲೇ ಸಿಗುತ್ತದಲ್ಲ ಎಂದು ಯಾವ ಗಂಡನಾದರೂ ಕೇಳುತ್ತಿದ್ದ. ನಮ್ಮವರು 'ಹ್ಞೂಂ' ಎಂದರು. ದಾರಿಯುದ್ದಕ್ಕೂ ಅವಳು ಹೇಗಿರಬಹುದು ಎಂದು ಲೆಕ್ಕ ಹಾಕಿದೆ. ಬೆಳ್ಳಗೆ, ತೆಳ್ಳಗೆ, ಮಾತು ಜೇನು. ಶರಾವತಿ ಸೇತುವೆ ದಾಟುವಾಗ ಅವಳಿಗೆ ಉದ್ದ ಮೂಗು ಕೊಟ್ಟೆ, ಮುರ್ಡೇಶ್ವರದ ಹತ್ತಿರ ಅದನ್ನು ವಾಪಸು ತೆಗೆದುಕೊಂಡೆ.

ಅಂಗಡಿ ಸಣ್ಣದು. ಎರಡು ಮಿಷನ್ನು, ಗೋಡೆಗೆ ತೂಗುಹಾಕಿದ ಚೂಡಿದಾರಗಳು, ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಕಂಪ್ಯೂಟರು. ರಾಬಿಯಾ ನನ್ನ ವಯಸ್ಸಿನವಳೇ. ದುಂಡು ಮುಖ, ಕುತ್ತಿಗೆಯಲ್ಲಿ ಟೇಪು, ಮಾತಾಡುವ ಮೊದಲೇ ನಗುವ ಕಣ್ಣು. ಒಳಗೆ ಯಾರಿಗೋ ನವಾಯತಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು. "ಬನ್ನಿ ಅಕ್ಕಾ, ಕೂತ್ಕೊಳ್ಳಿ. ಪೂರ್ತಿ ನೆನೆದಿದ್ದೀರಲ್ಲ!" ಎಂದು ಒರೆಸಿಕೊಳ್ಳಲು ಒಂದು ಟವೆಲು ಕೊಟ್ಟಳು. ಚೆಂದ ಇರಲಿಲ್ಲ ಎಂದು ಬರೆಯಲು ನನಗೆ ಬಹಳ ಆಸೆ. ಆದರೆ ಇದ್ದಳು.

ಅಳತೆ ತೆಗೆಯುತ್ತ ಕೇಳಿದಳು. "ಯಾವೂರು?"

"ಕುಮಟಾ."

"ಕುಮಟಾದಿಂದ ಬ್ಲೌಸ್ ಹೊಲಿಸೋಕೆ ಇಲ್ಲಿಗೆ ಬಂದ್ರಾ? ಅಲ್ಲಿ ದರ್ಜಿಗಳೆಲ್ಲ ಊರು ಬಿಟ್ಟು ಹೋದ್ರಾ?"

"ನಿಮ್ಮ ಕೈ ಚಲೋ ಅಂತ ಹೇಳಿದ್ರು."

"ಯಾರು?"

ನನಗೆ ಥಟ್ಟನೆ ಸುಳ್ಳು ಹೊಳೆಯಲಿಲ್ಲ. ಅದೃಷ್ಟಕ್ಕೆ ಕುಮಟಾ ಎಂದ ಕೂಡಲೇ ಅವಳಿಗೆ ಬೇರೇನೋ ನೆನಪಾಗಿತ್ತು. ಟೇಪು ನನ್ನ ಬೆನ್ನಿನ ಮೇಲೆ ಹಾಗೇ ಬಿಟ್ಟು ಕಂಪ್ಯೂಟರಿನ ಬಟ್ಟೆ ಸರಿಸಿದಳು. "ಕುಮಟಾದವರೇ ಒಬ್ರು ಇದ್ದಾರೆ ಅಕ್ಕಾ, ಬನ್ನಿ ತೋರಿಸ್ತೀನಿ. ಹೊಳನಗದ್ದೆ ಅಂತ ಹೆಸರು ಹಾಕ್ಕೊಂಡಿದ್ದಾರೆ. ಗಂಡಸು ಹೌದು, ಆದ್ರೆ ಹೆಂಗಸಿನ ಕಷ್ಟ ಹೆಂಗಸಿಗಿಂತ ಚೆನ್ನಾಗಿ ಗೊತ್ತು. ನಾನು ಇವರ ಎದುರು ಪಾರ್ಟಿ. ಆದ್ರೂ ಇದಕ್ಕೆ ನಾನೇ ಪೂರ್ತಿ ತೂಕ ಹಾಕಿದ್ದೀನಿ, ಕೇಳಿ."

ಓದಿದಳು. "ಬಸ್ಸಿನಲ್ಲಿ ನಿಂತ ಹೆಂಗಸಿಗೆ ಒಂದು ಕೈ ಕಂಬಿಗೆ, ಒಂದು ಕೈ ಸೆರಗಿಗೆ. ಚೀಲ ಹಿಡಿಯಲು ಮೂರನೇ ಕೈಯನ್ನು ದೇವರು ಕೊಟ್ಟಿಲ್ಲ. ಅದಕ್ಕೆ ಸೀಟು."

ನನ್ನ ಕಿವಿ ಬಿಸಿಯಾಯಿತು. ಅದು ನಾನು ಹೇಳಿದ್ದು! ಜೂನ್ ತಿಂಗಳಲ್ಲಿ, ಬಂಗಡೆ ಮೀನಿನ ಚೀಲ ಬಸ್ಸಿನಲ್ಲಿ ಜಾರಿ ಬಿದ್ದ ದಿನ, ಒಗ್ಗರಣೆ ಸೌಟು ಹಿಡಿದುಕೊಂಡು ಹೇಳಿದ್ದು. ಕೆಳಗೆ ಇನ್ನೊಂದು ಓದಿದಳು: "ಬೋರ್ಡು ಇದ್ದರೆ ನಾನು ಯಾರ ಹತ್ತಿರವೂ ಬೇಡಬೇಕಿಲ್ಲ, ಬೋರ್ಡೇ ನನ್ನ ಪರ ಮಾತಾಡುತ್ತದೆ." ಅದೂ ನನ್ನದು. ಕಣ್ಣು ಮುಚ್ಚಿ ನಿದ್ದೆ ಹೋದಂತೆ ನಟಿಸುವವರ ವಿಷಯ, ಅದೂ ನನ್ನದು, ಹೊನ್ನಾವರದಿಂದ ಕುಮಟಾದ ತನಕ ಇಡೀ ನಿದ್ದೆ ಸಮೇತ. ಚೌಕದ ನಂತರ ಚೌಕ, ನನ್ನ ಅಡುಗೆಮನೆಯೇ ಅಲ್ಲಿ ಕೂತಿತ್ತು. ನನ್ನ ಮಾತು ಮುಗಿಯುವುದನ್ನೇ ಕಾದು ಇವರು ಕೊಡೆ ಹಿಡಿದು ಓಡುತ್ತಿದ್ದದ್ದು ಇದಕ್ಕೆ! ಪಕ್ಕದಲ್ಲಿ ಯಾರೋ ಶಿವಮೊಗ್ಗದ ಹೆಂಗಸು ಬರೆದಿದ್ದಳು: "ನಿಮ್ಮಂಥವರನ್ನು ಗಂಡನಾಗಿ ಪಡೆದವಳು ಪುಣ್ಯವಂತೆ."

ಅದನ್ನು ಓದಿದ ಮೇಲೆ ತಡೆಯಲು ಆಗಲಿಲ್ಲ. "ಆ ಪುಣ್ಯವಂತೆ ನಾನೇ" ಎಂದೆ.

ರಾಬಿಯಾ ತಿರುಗಿದಳು. "ಹಾಂ?"

"ಅವ್ರು ನನ್ನ ಗಂಡ. ಅದೆಲ್ಲ ನನ್ನ ಮಾತು. ನಾನು ಮನೇಲಿ ಹೇಳುದು, ಅವ್ರು ಇಲ್ಲಿ ಬರೆಯುದು."

ಅವಳು ನನ್ನನ್ನು ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ನಗಲು ಶುರುಮಾಡಿದಳು. "ಯಾ ಅಲ್ಲಾ! ಹಾಗಾದ್ರೆ ಇಷ್ಟು ದಿನ ನಾನು ಜಗಳ ಆಡಿದ್ದು ನಿಮ್ಮ ಜೊತೆ!"

ನನಗೆ ನಗು ಬರಲಿಲ್ಲ. ಬಸ್ಸು ಇಳಿಯುವ ತನಕ ಇವಳ ಮೇಲೆ ಇದ್ದ ಹೊಟ್ಟೆಕಿಚ್ಚು ಒಮ್ಮೆಲೇ ದಿಕ್ಕು ಬದಲಿಸಿ ಗಂಡನ ಮೇಲೆ ಹೋಗಿ ಕೂತಿತ್ತು. ಆದರೆ ಇವಳನ್ನು ಪೂರ್ತಿ ಬಿಟ್ಟಿತು ಎಂದೂ ಅಲ್ಲ. ನನ್ನ ಮಾತಿಗೆ ಉತ್ತರ ಬಂದಿತ್ತು, ಎಷ್ಟು ಒಳ್ಳೆಯ ಉತ್ತರ! ರಾಬಿಯಾ ಬರೆದಿದ್ದಳು: ಬೋರ್ಡು ಬರೆದದ್ದು ಆರು ಸೀಟಿಗೆ, ಏಳನೆಯ ಹೆಂಗಸು ಹತ್ತಿದರೆ 'ಇದು ನಿಮ್ಮ ಸೀಟಲ್ಲ' ಎನ್ನುತ್ತಾರೆ, ಆರು ಹೆಂಗಸರಿಗೆ ಎಂದು ಬರೆದಾಗಲೇ ಉಳಿದ ಬಸ್ಸನ್ನೆಲ್ಲ ಗಂಡಸರಿಗೆ ಬರೆದುಕೊಟ್ಟ ಹಾಗಾಯಿತು. ಆ ಉತ್ತರ ನನಗೆ ಬರಬೇಕಾಗಿತ್ತು. ನಾನು ಅದನ್ನು ಹೊಡೆದುಹಾಕುತ್ತಿದ್ದೆ. ಇವರು ಎಂತದೋ ಸಪ್ಪೆ ಬರೆದಿದ್ದರು, ಬಹುಶಃ ಆ ದಿನ ನಾನು ಬೇರೆ ವಿಷಯ ಮಾತಾಡಿದ್ದೆ.

"ನಂಗೂ ಬರೀಬೇಕು" ಎಂದೆ.

ರಾಬಿಯಾ ಕೂಡಲೇ ನನ್ನ ಹೆಸರು ಹಾಕಿ ಸೇರಿಸಿದಳು. ಸುಲೋಚನಾ, ಕುಮಟಾ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತಿತ್ತು. ನಾನು ಹೇಳಿದೆ, ಅವಳು ಒತ್ತಿದಳು. ಎಡದ ಸಾಲಿನಲ್ಲಿ ನನ್ನದೇ ಮೂರನೇ ಕೈ, ನನ್ನದೇ ಹೆಸರಿನಲ್ಲಿ. ಬ್ಲೌಸಿಗೆ ಮುಂದಿನ ಆದಿತ್ಯವಾರ ಬನ್ನಿ ಎಂದಳು. ಮಲ್ಲಿಗೆ ತರುವುದು ಮರೆತೇ ಹೋಯಿತು. ಮನೆಗೆ ಬಂದಾಗ ಇವರು "ಹೂವು?" ಎಂದು ಸಹ ಕೇಳಲಿಲ್ಲ.

ಆ ವಾರ ನಾನು ಅಡುಗೆಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ಏನೇನೋ ಆಯಿತು. ಒಂದು ದಿನ ಕಂಡಕ್ಟರೇ ಮುಂದಿನ ಸೀಟಿನಲ್ಲಿ ಚೀಲ ಇಟ್ಟು ತನ್ನ ಪರಿಚಯದವನಿಗೆ ಜಾಗ ಹಿಡಿದ; ಹೇಳಿದರೆ ಚೌಕದ ಮೇಲೆ ಚೌಕ ಆಗುವಂಥ ವಿಷಯ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಇವರು ಮಣೆಯ ಮೇಲೆ ಕೂತು ಕಾದರು. ಚಾ ಮುಗಿಯಿತು. "ಇವತ್ತು ಬಸ್ಸು ಹೇಗಿತ್ತು?" ಎಂದು ಕೇಳಿದರು. ಹದಿನಾಲ್ಕು ವರ್ಷದಲ್ಲಿ ಅವರಾಗಿ ಕೇಳಿದ ಮೊದಲ ಪ್ರಶ್ನೆ! "ಇತ್ತು" ಎಂದೆ. ಇವರು ಕೊಡೆಯ ಕಡೆ ಒಮ್ಮೆ ನೋಡಿ, ಪೇಪರ್ ಹಿಡಿದರು.

ಆದಿತ್ಯವಾರ ಹೋದಾಗ ರಾಬಿಯಾ ಬ್ಲೌಸ್ ಕೊಡುವ ಮೊದಲೇ ಹೇಳಿದಳು. "ಅಕ್ಕಾ, ನಿಮ್ಮವರು ಈ ವಾರ ಏನೂ ಬರೆದಿಲ್ಲ. ಖಾಲಿ. ಆದ್ರೆ ನಿಮ್ಮದು..." ಎಂದು ಕಂಪ್ಯೂಟರ್ ತೋರಿಸಿದಳು. ನನ್ನ ಚೌಕ ಇರಲಿಲ್ಲ. ಅದರ ಜಾಗದಲ್ಲಿ ಒಂದು ಸಾಲು: ಈ ಕಾರಣವನ್ನು ಹೊಳನಗದ್ದೆಯವರು ಈಗಾಗಲೇ ಮಂಡಿಸಿದ್ದಾರೆ, ಅವರ ಚೌಕದೊಂದಿಗೆ ಕೂಡಿಸಲಾಗಿದೆ. ಕೆಳಗೆ ಮೇಲ್ವಿಚಾರಕರ ನಯವಾದ ಬುದ್ಧಿಮಾತು: ಬರೆಯುವ ಮೊದಲು ಹಿಂದಿನವರ ಕಾರಣಗಳನ್ನು ಓದಿ.

ಥತ್! ನನ್ನ ಮಾತು ಕದ್ದ ಆರೋಪ ನನ್ನ ಮೇಲೇ! ಭಟ್ಕಳದಿಂದ ಕುಮಟಾದವರೆಗೆ ಮೈಯೆಲ್ಲ ಉರಿ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಎಲ್ಲ ಗೊತ್ತಾತು ನಂಗೆ. ರಾಬಿಯಾನ ಅಂಗಡಿಗೆ ಹೋಗಿದ್ದೆ. ನನ್ನ ಮಾತನ್ನ ನಿಮ್ಮ ಹೆಸರಲ್ಲಿ ಬರೀತ್ರಲ್ಲ, ಇದೆಂತ?"

ಇವರು ಪೇಪರ್ ಮಡಚಿಟ್ಟರು. ಸಿಕ್ಕಿಬಿದ್ದೆ ಎಂಬ ಭಾವ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಬದಲಿಗೆ, ಇದರಲ್ಲಿ ಕೇಳುವುದಕ್ಕೆ ಏನಿದೆ ಎಂಬ ಆಶ್ಚರ್ಯ. "ಕೂಟಕ್ಕೆ ಹೋಗುವಾಗ ನಾವು ಹಾಗೇ ಅಲ್ಲವೇನೇ? ಭಟ್ರು ಒಂದು ಹೇಳ್ತಿದ್ರು, ಮಾಸ್ತರು ಒಂದು ಹೇಳ್ತಿದ್ರು, ದೋಣಿಯವ ಒಂದು ಹೇಳ್ತಿದ್ದ. ಎಲ್ಲ ಕೇಳ್ಕಂಡು ಹೋಗಿ ಅರ್ಥ ಹೇಳುದು. ಇದು ಇಂಥವ್ರು ಹೇಳಿದ್ದು ಅಂತ ಯಾರು ಹೇಳ್ತ್ರು?"

"ಅದು ಕೂಟ. ಇಲ್ಲಿ ಒಂದೊಂದಕ್ಕೂ ಹೆಸರು ಇರ್ತದೆ."

"ನೀನು ಪದ್ಯ ಹೇಳುವ ಭಾಗವತ ಇದ್ದ ಹಾಗೆ. ನಾನು ಬರೇ ಅರ್ಥಧಾರಿ."

"ಹ್ಯಾಂಡ್‌ಬಿಲ್ಲಿನಲ್ಲಿ ಭಾಗವತರ ಹೆಸರು ಎಲ್ಲಕ್ಕಿಂತ ಮೇಲೆ ಇರ್ತದೆ!"

ಇವರು ಮಡಚಿಟ್ಟ ಪೇಪರನ್ನು ಮತ್ತೆ ಕೈಗೆತ್ತಿಕೊಂಡರು. ಆದರೆ ನಾನು ಬಿಡಲಿಲ್ಲ. "ಅದು ಇರ್ಲಿ. ನನ್ನ ಹತ್ರ ಒಂದು ದಿನವಾದ್ರೂ ಎದುರು ಹೇಳಿದ್ರಾ? ಅಲ್ಲಿ ಹೋಗಿ ಅವ್ಳ ಜೊತೆ ಅಷ್ಟುದ್ದ!"

"ಎದುರಾಡಿದ್ರೆ ನೀ ನಿಲ್ಲಿಸಿಬಿಡ್ತಿದ್ದೆ" ಎಂದರು, ಬಹಳ ಸಾದಾ ದನಿಯಲ್ಲಿ. "ನೀ ಹೇಳ್ತಾ ಹೋಗ್ಲಿ ಅಂತ ಸುಮ್ನಿರ್ತಿದ್ದೆ. ಚಲೋ ಹೇಳ್ತಿದ್ದೆ."

ಇದು ಹೊಗಳಿಕೆಯೋ ಬೈಗುಳವೋ? ಆ ರಾತ್ರಿ ಊಟಕ್ಕೆ ಬಡಿಸುವಾಗಲೂ ನನಗೆ ತೀರ್ಮಾನ ಆಗಲಿಲ್ಲ. ನನ್ನ ಮಾತು ಅವರಿಗೆ ಇಷ್ಟವಾಗಿತ್ತು ಎಂಬುದು ಒಂದು ಕಡೆ ಹಿತವಾಗಿ ತಾಗಿತು. ಆದರೆ ಇಷ್ಟವಾದದ್ದಕ್ಕೆ ನನ್ನ ಎದುರು ಬಾಯಿ ಮುಚ್ಚಿಕೊಂಡು, ನಗುವನ್ನೆಲ್ಲ ಸತೀಶನ ಗೂಡಿಗೆ ತೆಗೆದುಕೊಂಡು ಹೋದರಲ್ಲ! ಹೊಗಳಿ ಮುಗಿಸಿದ ಮೇಲೂ ನನ್ನೊಡನೆ ವಾದಕ್ಕೆ ಕೂರಲಿಲ್ಲ. "ಸಾರು ಚಲೋ ಆಗಿತ್ತು" ಎಂದು ಎದ್ದರು.

ಮರುದಿನ ಕಾಲೇಜಿನಿಂದ ಬರುವಾಗ ಕುಮಟಾ ಸ್ಟ್ಯಾಂಡಿನಿಂದಲೇ, ಬ್ಲೌಸಿನ ಚೀಟಿಯಲ್ಲಿದ್ದ ನಂಬರ್ ನೋಡಿ, ರಾಬಿಯಾಗೆ ಫೋನ್ ಮಾಡಿದೆ. "ಎಡಗಡೆ ಸಾಲಿನಲ್ಲಿ ನಂಗೆ ಜಾಗ ಇಲ್ಲ. ನಾನು ಏನು ಹೇಳಿದ್ರೂ ಅವ್ರು ಹೇಳಿ ಆಗಿದೆ" ಎಂದೆ.

"ಹಾಗಾದ್ರೆ ಬಲಗಡೆ ಬನ್ನಿ ಅಕ್ಕಾ" ಎಂದಳು ಅವಳು. "ನನ್ನ ಕಡೆ ಜನ ಕಮ್ಮಿ."

ನಾನು ನಂಬಿದ್ದು 'ಬೇಕು'. ನನ್ನ ಸೊಂಟ, ಕಾಲು, ಸೋರುವ ಬಸ್ಸು ಎಲ್ಲವೂ 'ಬೇಕು' ಎನ್ನುತ್ತಿದ್ದವು. ಆದರೆ ಅರ್ಥಧಾರಿಯ ಹೆಂಡತಿಗೆ ಎದುರು ಪಕ್ಷದ ಅರ್ಥ ಹೇಳುವುದು ಏನು ಮಹಾ? ಇವರು ಆಫೀಸಿನಿಂದ ಇನ್ನೂ ಬಂದಿರದ ಹೊತ್ತು ನೋಡಿ ಸತೀಶನ ಗೂಡಿಗೆ ಹೋದೆ. ಇವರು ಕೂರುವ ಕುರ್ಚಿಯಲ್ಲೇ ಕೂತೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ನಡುವೆ ಕರೆಂಟು ಹೋಗಿ, ಬ್ಯಾಟರಿ ಕಿರುಚಿ, ಮತ್ತೆ ಮೊದಲಿನಿಂದ. ಇವರ ಹೆಸರಿನಲ್ಲಿ ಮೆರೆಯುತ್ತಿದ್ದ ನನ್ನದೇ ಚೌಕದ ಕೆಳಗೆ, ಬಲದ ಸಾಲಿನಲ್ಲಿ, ನನ್ನ ಹೆಸರಿನಲ್ಲಿ ಬರೆದೆ: "ಹೆಂಗಸಿಗೆ ಮೂರನೇ ಕೈ ಯಾಕೆ ಬೇಕು? ಚೀಲ ಅವಳ ಕೈಯಲ್ಲೇ ಯಾಕೆ ಇದೆ? ಪಕ್ಕದಲ್ಲಿ ನಿಂತ ಗಂಡನ ಎರಡೂ ಕೈ ಖಾಲಿ ಇರುತ್ತವೆ. ಸೀಟು ಕೊಡುವ ಮೊದಲು ಆ ಕೈಗೆ ಚೀಲ ಕೊಡಿ."

"ಅಕ್ಕಾ!" ಎಂದ ಸತೀಶ, ಹಿಂದಿನಿಂದ ಓದಿ. "ಇದು ಮೇಲೆ ಹೋಗ್ತದೆ."

ಹೋಯಿತು. ಎರಡೇ ದಿನದಲ್ಲಿ ಮೂರನೇ ಕೈಯನ್ನೂ ದಾಟಿ ಮೇಲೆ ಏರಿತು. ಶಿವಮೊಗ್ಗದ ಆ ಹೆಂಗಸು ಪಕ್ಷ ಬದಲಿಸಿ ನನಗೆ ತೂಕ ಹಾಕಿದಳು. ರಾಬಿಯಾ ಫೋನಿನಲ್ಲಿ ಚೀರಿದಳು. ಅವಳಿಗಿಂತ ನನ್ನದು ಮೇಲೆ ಹೋಯಿತು ಎಂದು ಅವಳ ದನಿಯಲ್ಲಿ ಎಲ್ಲೋ ಒಂದು ಎಳೆ ಉರಿ ಇದೆಯಾ ಎಂದು ಕಿವಿಗೊಟ್ಟು ಹುಡುಕಿದೆ. ಇರಲಿಲ್ಲ. ಅದಕ್ಕೂ ನನಗೆ ಸ್ವಲ್ಪ ಉರಿಯಿತು. ನನಗಿಲ್ಲದ ಗುಣ ಅವಳಿಗೆ ಯಾಕಿರಬೇಕು?

ಚೌತಿಗೆ ನಾಲ್ಕು ದಿನ ಇತ್ತು. ಸಂಜೆ ನಾನು ಅನ್ನಕ್ಕೆ ಇಟ್ಟು ಕಾಯಿ ಒಡೆಯುತ್ತಿದ್ದೆ. ಗೇಟಿನ ಸದ್ದಾಯಿತು. ಆ ಹೊತ್ತಿಗೆ ಇವರು ಪೇಟೆಯಿಂದ ಬರುವವರಲ್ಲ. ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು, ಸೈಕಲ್ಲನ್ನು ಅಂಗಳದಲ್ಲೇ ಅಡ್ಡ ಬೀಳಿಸಿ, ನೀರು ಸುರಿಸಿಕೊಂಡು ಸೀದಾ ಅಡುಗೆಮನೆಗೆ ಬಂದರು.

"ನೀ ಬರ್ದದ್ದು ತಪ್ಪು" ಎಂದರು.

ನಾನು ಕತ್ತಿ ಕೆಳಗಿಟ್ಟೆ. "ಎಂತ?"

"ತಪ್ಪು. ಶುದ್ಧ ತಪ್ಪು. ಗಂಡ ಪಕ್ಕದಲ್ಲಿ ನಿಂತಿರ್ತ್ನೆ ಅಂತ ನೀ ಹೇಗೆ ತಿಳ್ಕಂಡೆ? ಒಬ್ಳೇ ಬರುವ ಹೆಂಗಸಿನ ಗತಿ ಎಂತದು? ಅವ್ಳ ಚೀಲ ಯಾರ ಕೈಗೆ ಕೊಡ್ತೆ, ಕಂಡಕ್ಟರನ ಕೈಗಾ?" ಕೈ ಎತ್ತಿ, ಬೆರಳು ಮಡಚಿ, ಹಳದೀಪುರದ ಆ ದನಿಯಲ್ಲೇ ಹೇಳುತ್ತಿದ್ದರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಬ್ಳೇ ಬರುವವಳ ಚೀಲದಲ್ಲಿ ಇರುದು ಮನೆಮಂದಿಯ ಸಾಮಾನು ಅಲ್ಲವಾ? ಅದನ್ನ ತರೂಕೆ ಅವ್ಳೇ ಯಾಕೆ ಹೋಗ್ಬೇಕು?" ಎಂದೆ.

ಇವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಆ ನಗು! ಸತೀಶನ ಗಾಜಿನ ಬಾಗಿಲಿನ ಆಚೆ ನಿಂತು ನೋಡಿದ್ದು, ಈಗ ನನ್ನ ಒಲೆಯ ಮುಂದೆ. ಒಂದು ಕ್ಷಣ ಯೋಚಿಸಿದರು, ಕಣ್ಣು ಮಿಂಚಿತು. "ಸಿಕ್ತು" ಎಂದು ಕೊಡೆಗೆ ಕೈ ಹಾಕಿದರು. "ತಡಿ, ಇದನ್ನ ಈಗ್ಲೇ ಹೋಗಿ ಬರ್ದು ಬತ್ತೆ. ರಾಬಿಯಾ ಅವ್ರೂ ಕಾಯ್ತಾ ಇರ್ತ್ರು."

ನಾನು ಕೊಡೆ ಕಸಿದು ಬೆನ್ನ ಹಿಂದೆ ಹಿಡಿದೆ.

"ರಾಬಿಯಾ ನಾಳೆ ಓದ್ಲಿ. ಮೊದ್ಲು ನನಗೆ ಹೇಳಿ."

ಇವರು ನನ್ನ ಮುಖ ನೋಡಿದರು. ಮಣೆ ಎಳೆದುಕೊಂಡು, ನನಗೂ ಒಂದು ಮಣೆ ಸರಿಸಿ, ಎದುರುಬದುರು ಕೂತು ಹೇಳಿದರು: "ಗಂಡಸಿನ ಕೈಗೆ ಚೀಲ ಕೊಟ್ರೆ ಇಳಿಯುವಾಗ ಅಂವ ಅದನ್ನ ಬಸ್ಸಿನಲ್ಲೇ ಮರ್ತು ಇಳೀತ. ಹಾಗಾಗಿ ಚೀಲ ಹೆಂಗಸಿನ ಕೈಯಲ್ಲಿ ಇರುದೇ ಮನೆಗೆ ಕ್ಷೇಮ."

ಅಷ್ಟು ಪೊಳ್ಳು ವಾದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೊಂದು ಸಲ ಹೇಳಿ ಎಂದೆ.